ಕಡಿಮೆ ದುಡ್ಡಿಗೆ ಗೇಮಿಂಗ್ ಮಾನಿಟರ್: ಡೊಂಬಿವಲಿಯ ಎರಡಡಿ ಮೇಜಿನಿಂದ ಒಂದು ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ 144 ಹರ್ಟ್ಸಿನ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ, ಮಾನಿಟರ್ ತಂದು, ನಾಲ್ಕು ತಿಂಗಳು ಅದನ್ನು 60 ಹರ್ಟ್ಸಿನಲ್ಲೇ ಓಡಿಸಿದ್ದೆ. ಗೊತ್ತೇ ಇರಲಿಲ್ಲ. "ಎಷ್ಟು ಸ್ಮೂತ್ ಇದೆ ನೋಡಿ" ಅಂತ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ ಬೇರೆ. ಮುಲುಂಡಿನಿಂದ ಬಂದ ಅಕ್ಕನ ಮಗ ಸೆಟ್ಟಿಂಗ್ಸ್ ತೆಗೆದು ನೋಡಿ, "ಮಾಮಾ, ಇದು ಅರವತ್ತರಲ್ಲೇ ಇದೆಯಲ್ಲಾ" ಅಂದ. ಆವತ್ತು ಅವನಿಗೆ ಸಿಕ್ಕಿದ ನಗು ಇವತ್ತಿಗೂ ಮುಗಿದಿಲ್ಲ.

ಈಗ ಅದೇ ಹುಡುಗ ಪಿಸಿ ಕಟ್ಟಿಸಿದ್ದಾನೆ. ಗ್ರಾಫಿಕ್ಸ್ ಕಾರ್ಡಿಗೇ ದುಡ್ಡೆಲ್ಲ ಹೋಗಿದೆ, ಮಾನಿಟರಿಗೆ ಉಳಿದಿರುವುದು ಹನ್ನೆರಡು ಸಾವಿರ. "ಯಾವ ಮಾಡೆಲ್ ತಗೊಳ್ಳಲಿ?" ಅಂತ ಕೇಳಿದ. ಎಲ್ಲರೂ ಇದನ್ನೇ ಕೇಳುತ್ತಾರೆ. ಮಾಡೆಲ್ ಹೆಸರು ಹೇಳಿ ಉಪಯೋಗವಿಲ್ಲ, ಅವು ಆರು ತಿಂಗಳಿಗೆ ಬದಲಾಗುತ್ತವೆ. ಹೇಗೆ ಆರಿಸಬೇಕು ಅಂತ ಗೊತ್ತಿದ್ದರೆ ಅಂಗಡಿಯಲ್ಲಿ ಆ ಹೊತ್ತಿಗೆ ಏನಿದೆಯೋ ಅದರಲ್ಲೇ ಸರಿಯಾದ್ದನ್ನು ಹಿಡಿಯಬಹುದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಅಂಗಡಿಗೆ ಹೋಗುವ ಮುಂಚೆ ಎರಡು ಕೆಲಸ ಇದೆ, ಎರಡೂ ಮನೆಯಲ್ಲೇ ಆಗಬೇಕಾದ್ದು.

ಮೊದಲು ಪಿಸಿಯನ್ನು ಕೇಳಿ

ಮಾನಿಟರ್ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಕೊಡುತ್ತದೋ ಅಷ್ಟನ್ನೇ ಅದು ತೋರಿಸುವುದು. ಕಾರ್ಡ್ 70 ಫ್ರೇಮ್ ಕೊಡುತ್ತಿದ್ದರೆ 240 ಹರ್ಟ್ಸಿನ ಪರದೆ ತಂದು ಪ್ರಯೋಜನವೇನು? ನಳದಲ್ಲಿ ಬೆರಳಷ್ಟು ನೀರು ಬರುವಾಗ ದೊಡ್ಡ ಹಂಡೆ ಇಟ್ಟ ಹಾಗೆ.

ಹಾಗಾಗಿ ಮೊದಲ ಕೆಲಸ, ನೀವು ದಿನಾ ಆಡುವ ಆಟದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಎಫ್‌ಪಿಎಸ್ ಬರುತ್ತಿದೆ ಅಂತ ನೋಡಿ. ವಿಂಡೋಸಿನಲ್ಲಿ ವಿಂಡೋಸ್ ಕೀ ಜೊತೆ ಜಿ ಒತ್ತಿದರೆ ಗೇಮ್ ಬಾರ್ ಬರುತ್ತದೆ, ಅದರ ಪರ್ಫಾರ್ಮೆನ್ಸ್ ಪಟ್ಟಿಯಲ್ಲಿ ಎಫ್‌ಪಿಎಸ್ ಕಾಣುತ್ತದೆ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯ ಆಟಗಳಾದರೆ ಸ್ಟೀಮಿನಲ್ಲೇ ಆ ಸೌಲಭ್ಯ ಇದೆ. ಒಂದು ಅರ್ಧ ಗಂಟೆ ಆಡಿ. ಮೆನುವಿನಲ್ಲಿ ನಿಂತಾಗ ಬರುವ ಸಂಖ್ಯೆ ಬೇಡ, ಹೊಡೆದಾಟ ಜೋರಾಗಿ ನಡೆಯುವಾಗ ಬರುವ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಟದೊಳಗೆ ವಿ-ಸಿಂಕ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಹಳೆಯ ಮಾನಿಟರ್ ಇರುವಷ್ಟಕ್ಕೇ, ಅಂದರೆ 60ಕ್ಕೇ, ಅದು ನಿಂತುಬಿಡುತ್ತದೆ.

ಯಾವ ಆಟ ಅನ್ನುವುದೂ ಮುಖ್ಯ. ವ್ಯಾಲರಂಟ್ ಥರದ ಆಟ ಸಾಧಾರಣ ಪಿಸಿಯಲ್ಲೂ ನೂರು ನೂರೈವತ್ತು ಫ್ರೇಮ್ ದಾಟುತ್ತದೆ. ಎಲ್ಡನ್ ರಿಂಗ್ ಆಡುವವರಾದರೆ ಕಾರ್ಡ್ ಎಷ್ಟೇ ದೊಡ್ಡದಿರಲಿ, ಆ ಆಟವೇ 60ಕ್ಕೆ ಬೇಲಿ ಹಾಕಿಕೊಂಡಿದೆ. ಕಥೆಯ ಆಟಗಳನ್ನು ಮಾತ್ರ ಆಡುವವರಿಗೆ ಹರ್ಟ್ಸಿಗಿಂತ ಬಣ್ಣ, ಕಪ್ಪು, ಪರದೆಯ ಗಾತ್ರ ಜಾಸ್ತಿ ಸುಖ ಕೊಡುತ್ತದೆ. ಗುಂಡು ಹಾರಿಸುವ ಆನ್‌ಲೈನ್ ಆಟದವರಿಗೆ ಪೂರ್ತಿ ಉಲ್ಟಾ.

ಪಿಎಸ್5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಥರದ ಆಟದ ಪೆಟ್ಟಿಗೆ (ಕನ್ಸೋಲ್) ಇಟ್ಟುಕೊಂಡವರು 120 ಹರ್ಟ್ಸಿಗಿಂತ ಮೇಲೆ ದುಡ್ಡು ಹಾಕಬೇಡಿ, ಅವು ಕೊಡುವುದೇ ಅಷ್ಟು. ಕೇಬಲ್ ಜೋಡಿಸಲು ಪಿಎಸ್5ನಲ್ಲಿ ಡಿಸ್‌ಪ್ಲೇಪೋರ್ಟ್ ಇಲ್ಲ, ಎಚ್‌ಡಿಎಂಐ ಮಾತ್ರ. ಪಿಎಸ್4 ಆದರೆ 60ರಲ್ಲೇ ಮುಗಿಯಿತು.

ಆಮೇಲೆ ಮೇಜು ಅಳೆಯಿರಿ

ನಗಬೇಡಿ. ನಮ್ಮ ಮುಂಬಯಿ ಮನೆಗಳಲ್ಲಿ ಇದು ಮೊದಲನೇ ಪ್ರಶ್ನೆಯಾದರೂ ತಪ್ಪಿಲ್ಲ. ನನ್ನ ಮೇಜು ಎರಡಡಿ ಅಗಲ. ಅದರ ಹಿಂದೆ ಗೋಡೆ, ಪಕ್ಕದಲ್ಲಿ ಗೋದ್ರೆಜ್ ಕಪಾಟು, ಕಪಾಟಿನ ಬಾಗಿಲು ಪೂರ್ತಿ ತೆರೆದರೆ ಮಾನಿಟರಿಗೆ ಬಡಿಯುತ್ತದೆ. ಪರದೆಯ ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ, ಹಾಗಾಗಿ 24 ಇಂಚಿನ ಪರದೆ ಅಡ್ಡಕ್ಕೆ ಸುಮಾರು 53 ಸೆಂಟಿಮೀಟರ್, 27 ಇಂಚಿನದು ಸುಮಾರು 60. ಆ ಏಳು ಸೆಂಟಿಮೀಟರ್ ನಮ್ಮ ಮನೆಯಲ್ಲಿ ದೊಡ್ಡ ವಿಷಯ. ಇನ್ನು ಅಗ್ಗದ ಮಾನಿಟರುಗಳ ಸ್ಟ್ಯಾಂಡಿನ ಕಾಲು ಎರಡೂ ಕಡೆ ಚಾಚಿಕೊಂಡು ಮೇಜಿನ ಅರ್ಧ ಜಾಗ ತಿನ್ನುತ್ತದೆ. ಕೀಬೋರ್ಡ್ ಎಲ್ಲಿಡುತ್ತೀರಿ?

ಗಾತ್ರ ಮತ್ತು ರೆಸಲ್ಯೂಷನ್ ಎರಡನ್ನೂ ಒಟ್ಟಿಗೇ ಯೋಚಿಸಬೇಕು. ಫುಲ್ ಎಚ್‌ಡಿ ಅಂದರೆ 1920×1080, ಅಡ್ಡಕ್ಕೆ 1920 ಚುಕ್ಕಿ (ಪಿಕ್ಸೆಲ್), ಮೇಲಿಂದ ಕೆಳಗೆ 1080. ಅದನ್ನು 24 ಇಂಚಿನಲ್ಲಿ ಹರಡಿದರೆ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಬೀಳುತ್ತದೆ. 27 ಇಂಚಿನಲ್ಲಿ ಹರಡಿದರೆ 82ಕ್ಕೆ ಇಳಿಯುತ್ತದೆ. ಎರಡಡಿ ದೂರದಲ್ಲಿ ಕೂತವನಿಗೆ ಆ 82 ಕಾಣಿಸುತ್ತದೆ, ಅಕ್ಷರದ ಅಂಚು ಒರಟಾಗಿ, ದೂರದ ಶತ್ರು ನಾಲ್ಕು ಚೌಕದ ಗೊಂಬೆಯಾಗಿ. 27 ಇಂಚು ಬೇಕೇ ಬೇಕು ಅಂದರೆ 2560×1440 ತಗೊಳ್ಳಿ, ಆಗ ಇಂಚಿಗೆ 109 ಬರುತ್ತದೆ, ಚಂದ ಕಾಣುತ್ತದೆ.

ಆದರೆ ಅಲ್ಲೊಂದು ಲೆಕ್ಕ ಇದೆ. 1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ರದ್ದರಲ್ಲಿ 36.9 ಲಕ್ಷ. ಕಾರ್ಡಿಗೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜಾಸ್ತಿ ಕೆಲಸ. ಜಿಟಿಎಕ್ಸ್ 1650, ಆರ್‌ಟಿಎಕ್ಸ್ 3050 ಥರದ ಕಾರ್ಡ್ ಇಟ್ಟುಕೊಂಡವರು 1440ರ ಕಡೆ ನೋಡಬೇಡಿ ಅಂತಲೇ ನಾನು ಹೇಳುವುದು. ಪರದೆ ಚಂದ, ಆಟ ಕುಂಟು ಆಗುತ್ತದೆ. ಆರ್‌ಟಿಎಕ್ಸ್ 4060 ಅಥವಾ ಅದಕ್ಕಿಂತ ಮೇಲಿನದ್ದಾದರೆ ಯೋಚಿಸಬಹುದು. ಪರದೆ 1440ರದ್ದು ಇಟ್ಟುಕೊಂಡು ಆಟವನ್ನು 1080ರಲ್ಲಿ ಆಡ್ತೀನಿ ಅನ್ನುವವರೂ ಇದ್ದಾರೆ. ಆಗುತ್ತದೆ, ಆದರೆ ಮಸುಕು ಮಸುಕಾಗಿ ಕಾಣುತ್ತದೆ, ಅದಕ್ಕಾಗಿ ಆರು ಸಾವಿರ ಜಾಸ್ತಿ ಕೊಟ್ಟಿದ್ದಾ?

4ಕೆ ಬಗ್ಗೆ ಈ ಬಜೆಟ್ಟಿನಲ್ಲಿ ಮಾತೇ ಬೇಡ. ಬಾಗಿದ ಪರದೆ 24 ಇಂಚಿನಲ್ಲಿ ಬರೀ ಶೋಕಿ.

ಹರ್ಟ್ಸ್ ಎಷ್ಟು ಸಾಕು

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಇದನ್ನೇ. 100, 144, 165, 180, 200, 240. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಅಂತ ಅನಿಸುತ್ತದೆ. ಸ್ವಲ್ಪ ತಿರುಗಿಸಿ ನೋಡೋಣ, ಒಂದು ಚಿತ್ರ ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ. 60 ಹರ್ಟ್ಸಿನಲ್ಲಿ 16.7 ಮಿಲಿಸೆಕೆಂಡ್. 100ರಲ್ಲಿ 10. 144ರಲ್ಲಿ 6.9. 165ರಲ್ಲಿ 6.1, 180ರಲ್ಲಿ 5.6, 240ರಲ್ಲಿ 4.2.

ನೋಡಿದಿರಾ? 60ರಿಂದ 144ಕ್ಕೆ ಹಾರಿದರೆ ಹತ್ತು ಮಿಲಿಸೆಕೆಂಡ್ ಉಳಿಯಿತು. ಅಲ್ಲಿಂದ 240ಕ್ಕೆ ಹೋದರೆ ಮೂರೂ ಇಲ್ಲ. 165ಕ್ಕೂ 180ಕ್ಕೂ ಅರ್ಧ ಮಿಲಿಸೆಕೆಂಡ್ ವ್ಯತ್ಯಾಸ, ಅದಕ್ಕಾಗಿ ಸಾವಿರ ರೂಪಾಯಿ ಜಾಸ್ತಿ ಕೇಳಿದರೆ ಕೈ ಮುಗಿದು ಬನ್ನಿ. ದೊಡ್ಡ ನೆಗೆತ ಮೊದಲನೆಯದೇ. ಮೌಸ್ ಬಾಣವನ್ನು ಆಡಿಸಿದರೇ ಗೊತ್ತಾಗುತ್ತದೆ, ಆಟ ಹಾಕಬೇಕಂತಲೇ ಇಲ್ಲ. ಅಕ್ಕನ ಮಗ ನನ್ನ ಸೆಟ್ಟಿಂಗ್ಸ್ ಸರಿಮಾಡಿದ ಮರುಕ್ಷಣ ನನಗೆ ಗೊತ್ತಾಗಿತ್ತು. ನಾಲ್ಕು ತಿಂಗಳು ಏನನ್ನು ಹೊಗಳುತ್ತಿದ್ದೆ ಅಂತ ನಾಚಿಕೆಯೂ ಆಯಿತು.

ಅಂದರೆ ಕಡಿಮೆ ಬಜೆಟ್ಟಿನವರಿಗೆ 144ರಿಂದ 180ರೊಳಗೆ ಯಾವುದಾದರೂ ಸರಿ. ತೀರಾ ಕೈ ಬಿಗಿ ಇದ್ದರೆ 100 ಹರ್ಟ್ಸಿನ ಆಫೀಸ್ ಮಾನಿಟರುಗಳು ಈಗ ಅಗ್ಗಕ್ಕೆ ಬರುತ್ತಿವೆ, 60ಕ್ಕಿಂತ ಎಷ್ಟೋ ವಾಸಿ.

ಇದರ ಜೊತೆ ಅಡಾಪ್ಟಿವ್ ಸಿಂಕ್ ಇರಲೇಬೇಕು. ಫ್ರೀಸಿಂಕ್ ಅಂತ ಬರೆದಿರುತ್ತದೆ, ಅಥವಾ ಜಿ-ಸಿಂಕ್ ಕಂಪ್ಯಾಟಿಬಲ್ ಅಂತ. ಕಾರ್ಡ್ 93 ಫ್ರೇಮ್ ಕೊಟ್ಟರೆ ಪರದೆಯೂ 93ಕ್ಕೆ ಇಳಿದು ಅದರ ಜೊತೆ ಹೆಜ್ಜೆ ಹಾಕುತ್ತದೆ. ಇಲ್ಲದಿದ್ದರೆ ಚಿತ್ರ ಮಧ್ಯಕ್ಕೆ ಹರಿದ ಹಾಗೆ ಕಾಣುತ್ತದೆ, ಮೇಲಿನ ಅರ್ಧ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಫ್ರೀಸಿಂಕ್ ಎಎಂಡಿ ಕಂಪನಿಯ ಕಾರ್ಡಿಗೆ ಮಾತ್ರ ಅಂತ ಇವತ್ತಿಗೂ ಹೇಳುವ ಅಂಗಡಿಯವರಿದ್ದಾರೆ. 2019ರ ಜನವರಿಯಲ್ಲೇ ಅದರ ಎದುರಾಳಿ ಎನ್‌ವಿಡಿಯಾ ಇದಕ್ಕೆ ಬಾಗಿಲು ತೆರೆಯಿತು. ಜಿಟಿಎಕ್ಸ್ 10 ಸರಣಿ ಮತ್ತು ಅದರ ನಂತರದ ಕಾರ್ಡುಗಳಲ್ಲಿ ನಡೆಯುತ್ತದೆ. ಎನ್‌ವಿಡಿಯಾದವರು ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲೇ ಜೋಡಿಸಿ, ಅಗ್ಗದ ಮಾನಿಟರುಗಳಲ್ಲಿ ಎಚ್‌ಡಿಎಂಐ ಮೂಲಕ ಇದು ಎಷ್ಟೋ ಸಲ ಕೈಕೊಡುತ್ತದೆ.

ಪ್ಯಾನೆಲ್: ಐಪಿಎಸ್, ವಿಎ, ಟಿಎನ್

ಚಿತ್ರ ಮೂಡುವ ಹಾಳೆಯೇ ಪ್ಯಾನೆಲ್, ಅದರಲ್ಲಿ ಈ ಮೂರು ಬಗೆ. ಟಿಎನ್ ಹಳೆಯ ಕಾಲದ್ದು. ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ. ಬಿಡಿ.

ಐಪಿಎಸ್‌ನಲ್ಲಿ ಬಣ್ಣ ಚೆನ್ನಾಗಿರುತ್ತದೆ, ಯಾವ ಕೋನದಿಂದ ನೋಡಿದರೂ ಒಂದೇ ಥರ. ಮನೆಯಲ್ಲಿ ಒಬ್ಬರು ಆಡುವಾಗ ಇಬ್ಬರು ಮಂಚದ ಮೇಲೆ ಕೂತು ನೋಡುವವರಿಗೆ ಇದು ಸರಿ. ಕೊರತೆ ಎಂದರೆ ಕಪ್ಪು ಪೂರ್ತಿ ಕಪ್ಪಾಗುವುದಿಲ್ಲ. ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ, ಸಾಮಾನ್ಯವಾಗಿ 1000:1 ಆಸುಪಾಸು. ದೀಪ ಆರಿಸಿ ಕೂತರೆ ಮೂಲೆಗಳಲ್ಲಿ ಬೂದು ಹೊಳಪು ಕಾಣುತ್ತದೆ.

ವಿಎಯಲ್ಲಿ ಕಾಂಟ್ರಾಸ್ಟ್ 3000:1ರ ಹತ್ತಿರ. ರಾತ್ರಿ ಸಿನಿಮಾ ನೋಡಲು ಸೊಗಸು. ಆದರೆ ಅಗ್ಗದ ವಿಎ ಪರದೆಯಲ್ಲಿ ಕಪ್ಪಿನಿಂದ ಬೂದುಬಣ್ಣಕ್ಕೆ ತಿರುಗುವುದು ನಿಧಾನ. ಕತ್ತಲೆ ಕೋಣೆಯಲ್ಲಿ ಬೇಗ ತಿರುಗಿದಿರಿ ಅನ್ನಿ, ನೆರಳುಗಳೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಹಿಂದೆ ಎಳೆಯುತ್ತವೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಅದೇ ಕಾಣುತ್ತಿರುತ್ತದೆ. ನನ್ನ ಮೊದಲ ಮಾನಿಟರ್ ವಿಎ. ಆ ನೆಗೆತದ ಖುಷಿ ಇಳಿದ ಮೇಲೆ ಈ ಎಳೆತ ಕಂಡಿತು.

ಹಗಲು ಕಿಟಕಿ ತೆರೆದಿಟ್ಟು ಆಡುವವರು, ಓದು ಮತ್ತು ಆಫೀಸ್ ಕೆಲಸಕ್ಕೂ ಅದೇ ಪರದೆ ಬಳಸುವವರು ಐಪಿಎಸ್ ತಗೊಳ್ಳಿ. ಕತ್ತಲಲ್ಲಿ ಕೂತು ಕಥೆಯ ಆಟ ಆಡುವವರಿಗೆ ಮಾತ್ರ ವಿಎ. ನನ್ನನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಐಪಿಎಸ್ಸೇ.

ಪೆಟ್ಟಿಗೆಯ ಮೇಲಿನ ಮಾತುಗಳು

"1 ಮಿಲಿಸೆಕೆಂಡ್" ಅಂತ ಎಲ್ಲರೂ ಬರೆಯುತ್ತಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಎಂಪಿಆರ್‌ಟಿ ಅಂತಿದ್ದರೆ, ಪರದೆಯ ಹಿಂದಿನ ದೀಪವನ್ನು ಬೇಗ ಬೇಗ ಆರಿಸಿ ಹೊತ್ತಿಸಿ ತೆಗೆದ ಲೆಕ್ಕ ಅದು. ಆ ಮೋಡ್ ಹಾಕಿದರೆ ಬೆಳಕು ಇಳಿಯುತ್ತದೆ, ಬಹಳಷ್ಟು ಮಾನಿಟರುಗಳಲ್ಲಿ ಫ್ರೀಸಿಂಕ್ ಕೂಡ ಆಫ್ ಆಗುತ್ತದೆ. ಜಿಟಿಜಿ ಅಂತಿದ್ದರೆ ಪಿಕ್ಸೆಲ್ ಒಂದು ಬೂದುಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ವೇಗ, ಅದೂ ಎಷ್ಟೋ ಸಲ, ಪಿಕ್ಸೆಲ್ ಬೇಗ ಬದಲಾಗಲು ತಳ್ಳುವ ಓವರ್‌ಡ್ರೈವ್ ಅನ್ನುವ ಸೆಟ್ಟಿಂಗನ್ನು ಕೊನೆಗೆ ಏರಿಸಿ ಅಳೆದದ್ದು. ಅಷ್ಟು ಏರಿಸಿದರೆ ಓಡುವ ವಸ್ತುಗಳ ಹಿಂದೆ ಬಿಳಿ ಬಾಲ ಬರುತ್ತದೆ. ಹಾಗಾಗಿ ಈ ಸಂಖ್ಯೆಗೆ ಬೆಲೆ ಕೊಡಬೇಡಿ, ಒಳ್ಳೆಯ ವಿಮರ್ಶೆ ನೋಡಿ ತೀರ್ಮಾನಿಸಿ.

"ಎಚ್‌ಡಿಆರ್" ಸ್ಟಿಕರ್ ಇನ್ನೊಂದು, ಬೆಳಕು ನೆರಳು ಹೆಚ್ಚು ನಿಜವಾಗಿ ತೋರಿಸುತ್ತೇವೆ ಅನ್ನುವ ಮಾತು. ಈ ಬೆಲೆಯ ಪರದೆಗಳ ಬೆಳಕು 250ರಿಂದ 350 ನಿಟ್ಸ್. ಸಿಗ್ನಲ್ ತಗೊಳ್ಳುತ್ತದೆ ಅಷ್ಟೆ, ತೋರಿಸುವ ತಾಕತ್ತು ಇಲ್ಲ. ಆನ್ ಮಾಡಿದರೆ ವಿಂಡೋಸ್ ಡೆಸ್ಕ್‌ಟಾಪ್ ಬಿಳಿಚಿಕೊಳ್ಳುತ್ತದೆ. ಕೋಟಿಗಟ್ಟಲೆ ಡೈನಾಮಿಕ್ ಕಾಂಟ್ರಾಸ್ಟ್ ಅಂತ ಬರೆದದ್ದೂ ಅದೇ ಜಾತಿ.

ನಿಜಕ್ಕೂ ನೋಡಬೇಕಾದ ಎರಡು ಸಾಲು ಕೆಳಗೆಲ್ಲೋ ಇರುತ್ತವೆ. ಎಸ್‌ಆರ್‌ಜಿಬಿ 99% ಇದೆಯಾ, ಅಂದರೆ ಸಾಮಾನ್ಯ ಬಣ್ಣಗಳನ್ನೆಲ್ಲ ಪರದೆ ತೋರಿಸುತ್ತದಾ, ಅನ್ನುವುದು ಒಂದು. ಹಿಂಭಾಗದಲ್ಲಿ ವೆಸಾ ತೂತುಗಳು, 75 ಅಥವಾ 100 ಮಿಲಿಮೀಟರಿನವು, ಇವೆಯಾ ಅನ್ನುವುದು ಇನ್ನೊಂದು. ಅಗ್ಗದ ಸ್ಟ್ಯಾಂಡ್ ಮೇಲೆ ಕೆಳಗೆ ಹೋಗುವುದಿಲ್ಲ, ಹಿಂದೆ ಮುಂದೆ ಬಾಗುತ್ತದೆ ಅಷ್ಟೆ. ವೆಸಾ ಇದ್ದರೆ ನಾಳೆ ಗೋಡೆಗೋ ಕ್ಲಾಂಪ್ ತೋಳಿಗೋ ಹಾಕಿ ಮೇಜನ್ನು ಪೂರ್ತಿ ಬಿಡಿಸಿಕೊಳ್ಳಬಹುದು. ನಾನು ಗೋಡೆಗೆ ಹಾಕಿಸಿದೆ. ಈಗ ಆ ಮೇಜಿನ ಮೇಲೆ ಇಸ್ತ್ರಿಯೂ ಆಗುತ್ತದೆ.

ಪೋರ್ಟ್ ವಿಷಯ ಬೇಗ ಮುಗಿಸುತ್ತೇನೆ. ಒಂದು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ ಇದ್ದರೆ ಸಾಕು. ಎಷ್ಟೋ ಮಾನಿಟರುಗಳಲ್ಲಿ ಡಿಸ್‌ಪ್ಲೇಪೋರ್ಟಿನಲ್ಲಿ 180 ಬಂದರೆ ಎಚ್‌ಡಿಎಂಐಯಲ್ಲಿ 144ಕ್ಕೇ ನಿಲ್ಲುತ್ತದೆ, ಸ್ಪೆಸಿಫಿಕೇಷನ್ ಪುಟದಲ್ಲಿ ಪೋರ್ಟಿನ ಪಕ್ಕ ಬರೆದಿರುತ್ತದೆ. ಲ್ಯಾಪ್‌ಟಾಪಿನವರು ಯುಎಸ್‌ಬಿ-ಸಿ ತೂತು ಕಂಡ ಕೂಡಲೇ ಖುಷಿಪಡಬೇಡಿ, ಎಲ್ಲ ಯುಎಸ್‌ಬಿ-ಸಿಯಲ್ಲೂ ಚಿತ್ರ ಬರುವುದಿಲ್ಲ. ಸ್ಪೀಕರ್ ಇದ್ದರೂ ಇಲ್ಲದಿದ್ದರೂ ಒಂದೇ, ಡಬ್ಬಿಯೊಳಗೆ ಸೊಳ್ಳೆ ಹಿಡಿದಿಟ್ಟ ಹಾಗಿರುತ್ತದೆ ಅದರ ಸದ್ದು.

"ಮನೆಯಲ್ಲಿ 32 ಇಂಚಿನ ಟಿವಿ ಇದೆಯಲ್ಲ, ಅದನ್ನೇ ಹಾಕಿದರಾಯಿತು" ಅನ್ನುವ ಅಪ್ಪಂದಿರಿಗೆ ಒಂದು ಮಾತು. ಅಗ್ಗದ ಟಿವಿಗಳು 60 ಹರ್ಟ್ಸ್, ಮೌಸ್ ಆಡಿಸಿದ ಮೇಲೆ ಚಿತ್ರ ಬರುವುದು ತಡ. ಗೇಮ್ ಮೋಡ್ ಇದ್ದರೆ ಹಾಕಿ ನೋಡಿ, ಗೇಮ್‌ಪ್ಯಾಡ್ ಹಿಡಿದು ಫುಟ್ಬಾಲ್ ಆಡಲು ನಡೆಯುತ್ತದೆ. ಎರಡಡಿಯಲ್ಲಿ ಕೂತು ಗುರಿ ಇಡಲು ಆಗುವುದಿಲ್ಲ.

ಎಷ್ಟು ದುಡ್ಡು, ಎಲ್ಲಿ

ಬೆಲೆ ವಾರವಾರಕ್ಕೆ ಏರಿಳಿಯುತ್ತದೆ, ಅಂದಾಜಿಗೆ ಮಾತ್ರ ಹೇಳುತ್ತೇನೆ. 24 ಇಂಚು, ಫುಲ್ ಎಚ್‌ಡಿ, ಐಪಿಎಸ್, 100 ಹರ್ಟ್ಸ್ ಆದರೆ ಏಳೆಂಟು ಸಾವಿರ. ಅದೇ 144ರಿಂದ 180 ಹರ್ಟ್ಸ್ ಆದರೆ ಒಂಬತ್ತರಿಂದ ಹನ್ನೆರಡು. 27 ಇಂಚು 1440 ಆದರೆ ಹದಿನಾರರ ಮೇಲೆ. ಎಲ್‌ಜಿ, ಏಸರ್, ಎಂಎಸ್‌ಐ, ಸ್ಯಾಮ್‌ಸಂಗ್, ಆಸುಸ್, ಬೆನ್‌ಕ್ಯೂ, ಎಒಸಿ, ಯಾವುದಾದರೂ ಇರಲಿ, ಮೂರು ವರ್ಷ ವಾರಂಟಿ ಇದೆಯಾ, ಅದರಲ್ಲಿ ಪ್ಯಾನೆಲ್ ಸೇರಿದೆಯಾ, ಅವರೇ ಮನೆಗೆ ಬರುತ್ತಾರಾ ಇಲ್ಲ ನಾವೇ ಹೊತ್ತುಕೊಂಡು ಹೋಗಬೇಕಾ ಅಂತ ಕೇಳಿ. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಅಂತಲೂ ನೋಡಿ. ಐನೂರು ರೂಪಾಯಿ ಉಳಿಸಲು ಹೋಗಿ ಕಲ್ಯಾಣದಿಂದ ಅಂಧೇರಿಗೆ ಮಾನಿಟರ್ ಹೊರುವುದು ಬೇಡ.

ಲ್ಯಾಮಿಂಗ್ಟನ್ ರೋಡ್ ಗೊತ್ತಲ್ವಾ, ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ? ಈಗಿನ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ, ಆದರೆ ಆ ಹೆಸರು ಕೇಳಿದರೆ ಟ್ಯಾಕ್ಸಿಯವನೂ ಒಂದು ನಿಮಿಷ ಯೋಚಿಸುತ್ತಾನೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಆಯಿತು. ಅಲ್ಲಿಗೆ ಸ್ಲೋ ಲೋಕಲ್ ಹಿಡಿಯಬೇಕು. ಡೊಂಬಿವಲಿ, ಠಾಣೆ ಕಡೆಯವರು ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನಿಗೆ ಬದಲಾಯಿಸಿ. ಭಾನುವಾರ ಹೋಗಬೇಡಿ, ಬಹಳಷ್ಟು ಶಟರ್ ಇಳಿದಿರುತ್ತವೆ. ಅಲ್ಲಿಯ ಲಾಭ ಏನೆಂದರೆ ಎರಡು ಪರದೆ ಅಕ್ಕಪಕ್ಕ ಕಣ್ಣಾರೆ ನೋಡಬಹುದು, ನಾಲ್ಕು ಅಂಗಡಿ ಸುತ್ತಿದರೆ ನಾಲ್ಕು ರೇಟು ಸಿಗುತ್ತದೆ. ಆನ್‌ಲೈನ್ ಬೆಲೆಯನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡೇ ಮಾತಿಗಿಳಿಯಿರಿ. ಅಂಗಡಿಯವರು ಒಂದು ರೇಟು ಬಿಲ್ ಇಲ್ಲದೆ, ಒಂದು ರೇಟು ಬಿಲ್ ಹಾಕಿ ಹೇಳಿದರೆ ಬಿಲ್ ಇರುವುದನ್ನೇ ತಗೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವ ಬಾಯಿ ಇರುವುದಿಲ್ಲ. ಹಣ ಕೊಡುವ ಮುಂಚೆ ಅಲ್ಲೇ ಆನ್ ಮಾಡಿಸಿ ನೋಡಿ, ಅಂಗಡಿಯಿಂದ ಹೊರಗೆ ಬಂದ ಮೇಲೆ "ಕಂಪನಿಗೆ ಹೇಳಿ" ಅಂತಾರೆ.

ಆನ್‌ಲೈನ್ ಆದರೆ ದಸರಾ, ದೀಪಾವಳಿ ಸೇಲಿನವರೆಗೆ ಕಾಯುವ ತಾಳ್ಮೆ ಇದ್ದವರಿಗೆ ಲಾಭ. ಆದರೆ ವಾಪಸ್ ತಗೊಳ್ತಾರಾ ಇಲ್ಲ ಬದಲಿ ಮಾತ್ರ ಕೊಡ್ತಾರಾ, ಎಷ್ಟು ದಿನದೊಳಗೆ, ಇದನ್ನು ಮೊದಲು ಓದಿ. ಪೆಟ್ಟಿಗೆ ಒಡೆಯುವಾಗ ವಿಡಿಯೋ ಮಾಡಿ, ಟೇಪ್ ಕತ್ತರಿಸುವುದರಿಂದ ಪರದೆ ಆನ್ ಆಗುವವರೆಗೆ ನಿಲ್ಲಿಸದೆ.

ಅಂಗಡಿಯಿಂದ ತರುವವರು ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ ವಾಪಸ್ ಹೊರಡಿ. ಸಂಜೆ ಆರರ ಲೋಕಲಿನಲ್ಲಿ ಗಾಜಿನ ಪೆಟ್ಟಿಗೆ ಹಿಡಿದು ಡೊಂಬಿವಲಿಯಲ್ಲಿ ಇಳಿಯುವುದು ಸಾಧ್ಯವಿಲ್ಲ, ನಾವು ಇಳಿದರೂ ಅದು ಇಳಿಯುವುದಿಲ್ಲ. ಲಗೇಜ್ ಡಬ್ಬಾ ಹತ್ತಿ, ಪೆಟ್ಟಿಗೆ ನೇರವಾಗಿ ನಿಲ್ಲಿಸಿ, ಮಲಗಿಸಬೇಡಿ.

ಮನೆಗೆ ಬಂದ ದಿನ

ಮಳೆಗಾಲದಲ್ಲಿ ತಂದಿದ್ದರೆ ಒಂದೆರಡು ಗಂಟೆ ಹಾಗೇ ಬಿಡಿ, ಒಳಗೆ ತೇವ ಇದ್ದರೆ ಆರಲಿ. ಆಮೇಲೆ ಕೇಬಲ್. ಕೇಬಲ್ಲಿನ ಇನ್ನೊಂದು ತುದಿ ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಮದರ್‌ಬೋರ್ಡಿನ ತೂತಿಗಲ್ಲ. ಪಿಸಿಯ ಹಿಂದೆ ಮೇಲೆ ಉದ್ದಕ್ಕೆ ಇರುವುದು ಮದರ್‌ಬೋರ್ಡಿನದು, ಕೆಳಗೆ ಅಡ್ಡಕ್ಕೆ ಇರುವುದು ಕಾರ್ಡಿನದು. ತಪ್ಪು ತೂತಿಗೆ ಹಾಕಿ "ಕಾರ್ಡ್ ಕೆಟ್ಟಿದೆ" ಅಂತ ಅಳುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಈಗ ನನ್ನ ಮಾನ ಕಳೆದ ಹೆಜ್ಜೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ 60 ಅಂತಿದ್ದರೆ ಮೇಲಿನ ಸಂಖ್ಯೆ ಆರಿಸಿ. ಪಟ್ಟಿಯಲ್ಲಿ ಮೇಲಿನ ಸಂಖ್ಯೆಯೇ ಇಲ್ಲದಿದ್ದರೆ ಕೇಬಲ್ ಅಥವಾ ಪೋರ್ಟ್ ಬದಲಿಸಿ ನೋಡಿ. ಕೆಲವು ಮಾನಿಟರುಗಳಲ್ಲಿ 165, 180 ಬರಬೇಕಾದರೆ ಮಾನಿಟರಿನ ಮೆನುವಿನಲ್ಲೇ ಓವರ್‌ಕ್ಲಾಕ್ ಆನ್ ಮಾಡಬೇಕು. ಅಲ್ಲೇ ಫ್ರೀಸಿಂಕ್ ಆನ್ ಮಾಡಿ, ಆಮೇಲೆ ಎನ್‌ವಿಡಿಯಾ ಅಥವಾ ಎಎಂಡಿ ಕಂಟ್ರೋಲ್ ಪ್ಯಾನೆಲ್ಲಿನಲ್ಲೂ ಆನ್ ಮಾಡಿ. ಎರಡೂ ಕಡೆ ಬೇಕು. ಓವರ್‌ಡ್ರೈವ್ ನಡುವಿನ ಹಂತದಲ್ಲಿಡಿ. ಟೆಸ್ಟ್‌ಯುಎಫ್‌ಒ ಅಂತ ಹುಡುಕಿದರೆ ಓಡುವ ಹಾರುತಟ್ಟೆಗಳ ಒಂದು ತಾಣ ಸಿಗುತ್ತದೆ, ಅದನ್ನು ನೋಡುತ್ತಾ ಯಾವ ಹಂತದಲ್ಲಿ ಬಾಲ ಕಡಿಮೆ ಅಂತ ನಿಮ್ಮ ಕಣ್ಣಿಂದಲೇ ತೀರ್ಮಾನಿಸಿ.

ಅದೇ ರಾತ್ರಿ, ನಾಳೆಗೆ ಅಂತ ಬಿಡಬೇಡಿ, ಪರದೆ ತುಂಬ ಒಂದೊಂದೇ ಬಣ್ಣ ಹಾಕಿ: ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ. ಯಾವುದಾದರೂ ಚುಕ್ಕಿ ಬೇರೆ ಬಣ್ಣದಲ್ಲಿ ನಿಂತಿದ್ದರೆ ಅದು ಕೆಟ್ಟ ಪಿಕ್ಸೆಲ್. ಒಂದೆರಡು ಚುಕ್ಕಿಗೆ ಕಂಪನಿಗಳು ಎಷ್ಟೋ ಸಲ ವಾರಂಟಿ ಕೊಡುವುದಿಲ್ಲ, ಆದ್ದರಿಂದ ಬದಲಿಸುವ ಅವಧಿಯೊಳಗೆ ಹಿಡಿಯಬೇಕು. ಕಪ್ಪು ಪರದೆಯಲ್ಲಿ ಅಂಚಿನಿಂದ ಬೆಳಕು ಸೋರುತ್ತಿದೆ ಅನಿಸಿದರೆ ತಲೆ ಅತ್ತಿತ್ತ ಆಡಿಸಿ. ತಲೆಯ ಜೊತೆ ಹೊಳಪು ಬದಲಾದರೆ ಅದು ಐಪಿಎಸ್‌ನ ಗುಣ, ಬದಲಾಗದೆ ಅಲ್ಲೇ ನಿಂತರೆ ಸೋರಿಕೆ. ಮೊಬೈಲಿನಲ್ಲಿ ಫೋಟೋ ತೆಗೆದು ಗಾಬರಿಯಾಗಬೇಡಿ, ಕ್ಯಾಮೆರಾ ಅದನ್ನು ಇಮ್ಮಡಿ ಮಾಡಿ ತೋರಿಸುತ್ತದೆ.

ಅಕ್ಕನ ಮಗ ಕೊನೆಗೆ 24 ಇಂಚಿನ ಐಪಿಎಸ್, 180 ಹರ್ಟ್ಸಿನದನ್ನು ಹತ್ತೂವರೆ ಸಾವಿರಕ್ಕೆ ತಂದ. ಉಳಿದ ದುಡ್ಡಲ್ಲಿ ಮೌಸ್ ತಗೊಂಡ. ಜೋಡಿಸಿದ ಮೇಲೆ ನಾನೇ ಹೋಗಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆಗೆದು ನೋಡಿದೆ. 180 ಅಂತಲೇ ಇತ್ತು. ನನಗೆ ಸ್ವಲ್ಪ ಬೇಜಾರಾಯಿತು.

ಮಾನಿಟರಿನ ಪೆಟ್ಟಿಗೆ, ಥರ್ಮಾಕೋಲು ಕನಿಷ್ಠ ಬದಲಿಸುವ ಅವಧಿ ಮುಗಿಯುವವರೆಗಾದರೂ ಎಸೆಯಬೇಡಿ. ಎಲ್ಲಿಡುವುದು ಅಂತ ಮನೆಯಲ್ಲಿ ಜಗಳ ಆಗುತ್ತದೆ. ನಮ್ಮದು ಮಂಚದ ಕೆಳಗೆ, ಮೂಟೆ ಅಕ್ಕಿಯ ಪಕ್ಕದಲ್ಲಿದೆ.